ಹತ್ತು ನಿಮಿಷದ ಪಾಸಂಗ

ಸಣ್ಣವನಿದ್ದಾಗ ಅಪ್ಪನ ಜೊತೆ ಹಳಿಯಾಳದ ಸಂತೆಗೆ ಹೋಗುವುದೆಂದರೆ ನನಗೆ ಖುಷಿ. ಆದರೆ ಬೆಲ್ಲದ ಅಂಗಡಿಯ ಮುಂದೆ ನಿಂತಾಗ ಮಾತ್ರ ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅಂಗಡಿಯವ ಬೆಲ್ಲದ ಪೆಂಟೆಗೆ ಕೈ ಹಾಕುವ ಮೊದಲೇ ಅಪ್ಪ, "ಮೊದಲು ಬರೀ ತಕ್ಕಡಿ ಎತ್ತು, ನೋಡುವಾ" ಅನ್ನುತ್ತಿದ್ದರು. ಅವನ ಮುಖ ಹುಳ್ಳಗಾಗುತ್ತಿತ್ತು. ಎತ್ತಿದರೆ ಒಂದು ತಟ್ಟೆ ಕೂದಲೆಳೆಯಷ್ಟು ಕೆಳಗೆ. ಅವ ಗೊಣಗುತ್ತ ನಾಲ್ಕು ಹುಣಸೆಬೀಜವನ್ನೋ ಒಂದು ಕಲ್ಲಿನ ಚೂರನ್ನೋ ಮೇಲಿದ್ದ ತಟ್ಟೆಗೆ ಹಾಕಿ ಮುಳ್ಳನ್ನು ನೆಟ್ಟಗೆ ಮಾಡುತ್ತಿದ್ದ. ಇದು ಪಾಸಂಗ. ಆಮೇಲೆ ಬೆಲ್ಲ ತೂಗಿ, ಕಾಗದಕ್ಕೆ ಸುತ್ತಿ, ಹಣ ಎಣಿಸಿಕೊಂಡ ಮೇಲೆ ನನ್ನ ಅಂಗೈಗೆ ಒಂದು ಚೂರು ಬೆಲ್ಲ ಬೀಳುತ್ತಿತ್ತು. ಅದು ಕೊಸರು.

ಕೊಸರಿನಲ್ಲಿ ಅಂಗಡಿಯವನ ದೊಡ್ಡತನ ಇತ್ತು, ಪಾಸಂಗದಲ್ಲಿ ಅಪ್ಪನ ಸಣ್ಣತನ ಇತ್ತು. ಹಾಗಂತ ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಅಲ್ಲಾಡಿದ್ದು ಐವತ್ತು ದಾಟಿದ ಮೇಲೆ, ಅರ್ಧ ಗಂಟೆಯ ಒಂದು ಆನ್‌ಲೈನ್ ಕ್ವಿಜ್‌ನಿಂದ.

2020ರಲ್ಲಿ ಕಾಲೇಜುಗಳಿಗೆ ಬೀಗ ಬಿದ್ದಾಗ ನಮ್ಮ ಪ್ರಿನ್ಸಿಪಾಲರು ಫೋನ್ ಮಾಡಿ, "ನಿಮಗೆ ಕಂಪ್ಯೂಟರ್ ಗೊತ್ತುಂಟಲ್ಲ ಸರ್, ಆನ್‌ಲೈನ್ ಟೆಸ್ಟಿನದು ನೀವೇ ನೋಡಿಕೊಳ್ಳಿ" ಅಂದರು. ನನಗೆ ಕಂಪ್ಯೂಟರ್ ಗೊತ್ತು ಎಂಬ ಖ್ಯಾತಿಗೆ ಇದ್ದ ಆಧಾರ ಒಂದೇ. ಒಮ್ಮೆ ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದ ಹಾಗೆ ಎಳೆದು ತೆಗೆದಿದ್ದೆ. ಅರ್ಥಶಾಸ್ತ್ರದ ಮಾಸ್ತರ ಹೀಗೆ ಮೂಡಲ್ ಎಂಬ ತಂತ್ರಾಂಶದ ಉಸ್ತುವಾರಿಯಾದ. ಹೆಸರು ಕೇಳಿ ನನ್ನ ಹೆಂಡತಿ ಅದನ್ನು ಮೂಡಲ ದಿಕ್ಕಿನ ಯಾವುದೋ ಊರು ಅಂದುಕೊಂಡಳು. "ಅಲ್ಲಿಗೆ ಯಾವಾಗ ಹೋಗಬೇಕು?" ಎಂದಳು. ಮನೆಯಲ್ಲೇ ಕೂತು ಹೋಗಬೇಕಾದ ಊರು ಅಂದೆ.

ಆ ತಂತ್ರಾಂಶದ ಹುಟ್ಟು ತಿಳಿದಾಗ ನನಗೆ ಅದರ ಮೇಲೆ ಸ್ವಲ್ಪ ಅಕ್ಕರೆ ಮೂಡಿತು. ಅದರ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಮಾಡಿದವರು ಮಾರ್ಟಿನ್ ಡೂಗಿಯಮಾಸ್. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಒಳಗೆ, ಶಾಲೆಯೇ ಇಲ್ಲದ ಕಡೆ ಬೆಳೆದ ಮನುಷ್ಯ. ಬಾಲ್ಯದ ಪಾಠ ಕೇಳಿದ್ದು ಶಾರ್ಟ್‌ವೇವ್ ರೇಡಿಯೊದಲ್ಲಿ. ಮಾಸ್ತರು ಎಲ್ಲೋ, ಹುಡುಗ ಎಲ್ಲೋ, ನಡುವೆ ಗರಗರ ಸದ್ದು. ನಮ್ಮ ಅಣಶಿಯ ಹುಡುಗನಿಗೆ ಇವರು ದೂರದ ನೆಂಟರೇ ಆಗಬೇಕು.

ಅಣಶಿ ಎಂದರೆ ಜೊಯಿಡಾದಿಂದ ಕುಂಬಾರವಾಡ ದಾಟಿ ಕಾರವಾರಕ್ಕೆ ಇಳಿಯುವ ಮೊದಲು, ಘಟ್ಟದ ನೆತ್ತಿಯಲ್ಲಿ ಸಿಗುವ ಊರು. ಬಸ್ಸಿನಲ್ಲಿ ಹೋಗುವವರಿಗೆ ಅದು ಊರು ಅನ್ನಿಸುವುದೇ ಇಲ್ಲ. ಕಾಡು ಸ್ವಲ್ಪ ಉಸಿರು ಬಿಟ್ಟ ಜಾಗದಂತೆ ಕಾಣುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಕಾಳಿ ನದಿಯ ಹೆಸರು. ಕಾಡಿಗೆ ಇಷ್ಟು ಬಡ್ತಿ ಸಿಕ್ಕಿದೆ. ಕರಿಚಿರತೆ ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ಹಿಂದಿರುಗುತ್ತಾರೆ. ಕೆಳಗೆ ಕದ್ರಾದಲ್ಲಿ 150 ಮೆಗಾವಾಟ್ ವಿದ್ಯುತ್ ಹುಟ್ಟುತ್ತದೆ, ಮೇಲೆ ಸೂಪಾದಲ್ಲಿ 100. ಆದರೆ ಜೋರಾಗಿ ಗಾಳಿ ಬೀಸಿದರೆ ಸಾಕು, ಈ ಎರಡರ ನಡುವಿನ ಮನೆಗಳಲ್ಲಿ ಚಿಮಣಿ ಹುಡುಕಬೇಕು. ಮೊಬೈಲ್ ಸಿಗ್ನಲ್ ಬೇಕೆಂದರೆ ರಸ್ತೆಯ ಒಂದು ತಿರುವಿಗೆ ಬರಬೇಕು.

ನನ್ನ ವಿದ್ಯಾರ್ಥಿ ಆ ಕಡೆಯವ. ಆಗ ಬಿ.ಎ. ಎರಡನೆಯ ವರ್ಷ. ಕುಣಬಿ ಮನೆತನ, ಮನೆಯಲ್ಲಿ ಕೊಂಕಣಿ. ಶಾಲೆಯಲ್ಲಿ ಕನ್ನಡ ಕಲಿತ, ಕಾಲೇಜಿನಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ತಲೆ ಕೊಟ್ಟ. ಹುಟ್ಟಿನಿಂದಲೇ ದೃಷ್ಟಿ ಮಂದ. ಕನ್ನಡಕ ಇದೆ, ಆದರೆ ಅದು ಒಂದು ಮಟ್ಟದ ತನಕ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾನೆ. ಕಾಲೇಜಿನ ಹಾಲ್‌ನಲ್ಲಿ ಪರೀಕ್ಷೆ ನಡೆಯುವಾಗ ಅವನಿಗೆ ಹೆಚ್ಚಿನ ಸಮಯ ಕೊಡುತ್ತಿದ್ದೆವು. ಹೇಗೆ ಕೊಡುತ್ತಿದ್ದೆವು ಎಂದು ಈಗ ನೆನೆದರೆ ಇರುಸುಮುರುಸು. ಉಳಿದವರೆಲ್ಲ ಎದ್ದು ಹೋದ ಮೇಲೆ ಮೇಲ್ವಿಚಾರಕರಾಗಿದ್ದ ನಮ್ಮಲ್ಲೊಬ್ಬರು ಎದುರು ಕುರ್ಚಿ ಹಾಕಿ, ಕೈಗಡಿಯಾರ ನೋಡಿ, ಒಂದು ನಿಟ್ಟುಸಿರು ಬಿಟ್ಟು, "ಬರಿ, ಬರಿ, ಅವಸರ ಇಲ್ಲ" ಅನ್ನುತ್ತಿದ್ದೆವು. ಆ 'ಅವಸರ ಇಲ್ಲ' ಎಂಬ ಮಾತಿಗಿಂತ ಅವಸರದ ಮಾತು ಇನ್ನೊಂದಿಲ್ಲ. ಅವನು ಒಂದು ದಿನವೂ ಪೂರ್ತಿ ಸಮಯ ಬಳಸಿದವನಲ್ಲ. ನಮ್ಮ ಬಸ್ಸು ತಪ್ಪೀತು ಎಂದು ಬೇಗ ಬರೆದು ಕೊಡುತ್ತಿದ್ದ.

ಆನ್‌ಲೈನ್ ಬಂದಾಗ, ಇನ್ನು ಈ ರಗಳೆ ಇಲ್ಲ ಅಂದುಕೊಂಡೆ. ಯಂತ್ರಕ್ಕೆ ಬಸ್ಸು ಹಿಡಿಯುವ ಗಡಿಬಿಡಿ ಇಲ್ಲವಲ್ಲ.

ಎಷ್ಟು ಸಮಯ ಕೊಡಬೇಕು ಎಂಬುದಕ್ಕೆ ನಿಯಮ ಹುಡುಕಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೆಯ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲ ಇದೆ. ಲೆಕ್ಕ ಸಿಕ್ಕಿದ್ದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ. ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಒಂದು ಗಂಟೆಗಿಂತ ಕಿರಿದಾದ ಪರೀಕ್ಷೆಗೂ ಅದೇ ಪ್ರಮಾಣ, ಆದರೆ 5 ನಿಮಿಷಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ, ಕೊಟ್ಟದ್ದು ಐದರ ಮಗ್ಗಿಯಲ್ಲೇ ಇರಬೇಕಿತ್ತು. ನನ್ನ ಕ್ವಿಜ್ 30 ನಿಮಿಷದ್ದು, ಹಾಗಾಗಿ 10 ನಿಮಿಷ, ಸಲೀಸು. 20 ನಿಮಿಷದ್ದಾದರೆ ಆರೂ ಮುಕ್ಕಾಲಿನ ಹತ್ತಿರ ಬಂದು ನಿಲ್ಲುತ್ತದೆ, ಅದನ್ನು ಹತ್ತಕ್ಕೆ ಏರಿಸಬೇಕಿತ್ತು. ಸರಕಾರದ ಆದೇಶವೊಂದು ಲೆಕ್ಕ ತುಂಡಾಗುವ ಕಡೆ ವಿದ್ಯಾರ್ಥಿಯ ಪರವಾಗಿ ವಾಲಿದ್ದನ್ನು ನಾನು ನೋಡಿದ್ದು ಕಡಿಮೆ.

ಅದೇ ಕಾಗದದಲ್ಲಿ ಇನ್ನೊಂದು ಸಾಲು ಇತ್ತು. ಹೆಚ್ಚುವರಿ ಸಮಯ ಎಂಬ ಪದವನ್ನು ಬಳಸಬಾರದು, ಅದರ ಬದಲು ನಷ್ಟ ತುಂಬುವ ಸಮಯ ಎಂಬರ್ಥದ ಪದ ಬಳಸಬೇಕು ಎಂದು. ಕನ್ನಡದಲ್ಲಿ ಏನನ್ನಬೇಕು? 'ಪರಿಹಾರ ಸಮಯ' ಅನ್ನಬಹುದು. ಆದರೆ ಕಾಳಿ ಕಣಿವೆಯಲ್ಲಿ 'ಪರಿಹಾರ' ಎಂದರೆ ಜನರಿಗೆ ಬೇರೆಯೇ ನೆನಪು. ಅಣೆಕಟ್ಟು ಬಂದು ಸೂಪಾ ಊರು ಊರಾಗಿಯೇ ನೀರಿನಡಿ ಹೋಯಿತು, ತಾಲ್ಲೂಕಿನ ಕಚೇರಿ ಜೊಯಿಡಾಕ್ಕೆ ಬಂತು, ಮುಳುಗಿದ ಮನೆಯವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಪರಿಹಾರದ ಮಾತು ಎತ್ತಿದರೆ ಧ್ವನಿ ಬದಲಿಸುತ್ತಾರೆ. ಆ ಪದ ಬೇಡ ಅನ್ನಿಸಿತು. ಆಗಲೇ ನನಗೆ ಬೆಲ್ಲದ ಅಂಗಡಿಯ ಹುಣಸೆಬೀಜ ನೆನಪಾದದ್ದು. ಕೊಸರು ಹಾಕುವುದು ತೂಗಿದ ಮೇಲೆ, ಮನಸ್ಸಿದ್ದರೆ. ಪಾಸಂಗ ಹಾಕುವುದು ತೂಗುವ ಮೊದಲು, ತಕ್ಕಡಿಯದೇ ದೋಷಕ್ಕೆ. ಬೆಲ್ಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅಪ್ಪ ಕೇಳುತ್ತಿದ್ದದ್ದು ಹೆಚ್ಚು ಬೆಲ್ಲವನ್ನಲ್ಲ ಮಾರಾಯ್ರೆ!

ಪದ ಸಿಕ್ಕಿತೆಂದು ಬೀಗಿದೆ. ಕೆಲಸದಲ್ಲಿ ಮಾತ್ರ ಎಡವಿದೆ, ಒಂದಲ್ಲ, ಎರಡು ಸಲ.

ಮೊದಲನೆಯದು: ವಾಟ್ಸಾಪ್ ಗುಂಪಿನಲ್ಲಿ ಕ್ವಿಜ್‌ನ ಸೂಚನೆ ಹಾಕುವಾಗ ಕೊನೆಗೆ ಅವನ ಹೆಸರು ಬರೆದು 'ಇವನಿಗೆ 10 ನಿಮಿಷ ಹೆಚ್ಚು' ಎಂದು ಸೇರಿಸಿಬಿಟ್ಟೆ. ಪಾರದರ್ಶಕತೆ ಅಂತ ನನ್ನ ಲೆಕ್ಕ. ಎರಡೇ ನಿಮಿಷದಲ್ಲಿ ಒಬ್ಬ, "ಸರ್, ನಮ್ಮಲ್ಲಿ ನೆಟ್‌ವರ್ಕ್ ಇಲ್ಲ, ನಮಗೂ ಕೊಡಿ" ಅಂದ. ಇನ್ನೊಬ್ಬ ಕಣ್ಣು ಮುಚ್ಚಿದ ಕೋತಿಯ ಚಿತ್ರ ಹಾಕಿದ. ಅವನೇನು ಕೆಟ್ಟದ್ದು ಯೋಚಿಸಿರಲಿಕ್ಕಿಲ್ಲ. ಆ ವಯಸ್ಸಿನವರ ಬೆರಳಿಗೆ ಕೋತಿ ಬೇಗ ಸಿಗುತ್ತದೆ. ಆದರೆ ಅಣಶಿಯ ಹುಡುಗ ಗುಂಪು ಬಿಟ್ಟು ಹೋದ. ಅರ್ಧ ಗಂಟೆ ಬಿಟ್ಟು ನನಗೆ ಬೇರೆಯಾಗಿ, "ಸರ್, ನಂಗೆ ಹೆಚ್ಚು ಟೈಮ್ ಬೇಡ, ಎಲ್ಲರ ಹಾಗೇ ಇರ್ಲಿ" ಎಂದು ಬರೆದ. ಕೊಡುವವನ ಹತ್ತಿರ ಇರಬೇಕಾದ ಚೀಟಿಯನ್ನು ನಾನು ಊರ ಗೋಡೆಗೆ ಅಂಟಿಸಿದ್ದೆ. ಮೂಡಲ್ ನನಗಿಂತ ಸಭ್ಯ. ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ಓವರ್‌ರೈಡ್, ಅಂದರೆ ಅವನೊಬ್ಬನಿಗಷ್ಟೇ ಬೇರೆ ಸಮಯ, ಹಾಕಿದರೆ ಉಳಿದ ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ.

ಎರಡನೆಯದು ಆ ಓವರ್‌ರೈಡಿನದೇ. ಕ್ವಿಜ್ ಬೆಳಿಗ್ಗೆ 10.30ಕ್ಕೆ ತೆರೆದು 11ಕ್ಕೆ ಮುಚ್ಚುವಂತೆ ಇಟ್ಟಿದ್ದೆ, ಟೈಮ್ ಲಿಮಿಟ್ 30 ನಿಮಿಷ. ಫೋನ್ ಮಾಡಿ ಹುಡುಗನನ್ನು ಒಪ್ಪಿಸಿ, ಅವನ ಹೆಸರಿಗೆ ಟೈಮ್ ಲಿಮಿಟ್ 40 ಮಾಡಿದೆ. ಸೇವ್ ಒತ್ತಿದೆ. ಚಹಾ ಕುಡಿಯಲು ಹೋದೆ. ಆ ಪುಟದಲ್ಲಿ ಟೈಮ್ ಲಿಮಿಟ್ ಒಂದು ಕಡೆ, ಮುಚ್ಚುವ ಹೊತ್ತು ಇನ್ನೊಂದು ಕಡೆ, ಎರಡು ಬೇರೆ ಬೇರೆ ಬಾಗಿಲು. ನಾನು ಒಂದನ್ನು ತೆರೆದು ಇನ್ನೊಂದಕ್ಕೆ ಚಿಲಕ ಹಾಕಿಯೇ ಬಿಟ್ಟಿದ್ದೆ. 40 ನಿಮಿಷ ಇದೆ ಎಂದು ನಂಬಿ ನಿಧಾನವಾಗಿ ಬರೆಯುತ್ತಿದ್ದವನ ಪತ್ರಿಕೆ ಸರಿಯಾಗಿ 11ಕ್ಕೆ ತಾನಾಗಿಯೇ ಸಲ್ಲಿಕೆಯಾಯಿತು. 20 ಪ್ರಶ್ನೆಗಳಲ್ಲಿ 13 ಮುಗಿದಿತ್ತು.

ಅವನು ದೂರು ಹೇಳಲಿಲ್ಲ. ಎರಡು ದಿನ ಬಿಟ್ಟು ಬೇರೇನೋ ಕೇಳಲು ಫೋನ್ ಮಾಡಿದಾಗ, "ಮತ್ತೆ ಸರ್, ಕ್ವಿಜ್ ನಂದು ತನ್ನಷ್ಟಕ್ಕೇ ಬಂದ್ ಆಯ್ತು" ಅಂದ. ತನ್ನ ಬೆರಳು ಎಲ್ಲೋ ತಾಗಿರಬೇಕು ಎಂದು ಅವನ ಗುಮಾನಿ. ನಾನು ತೆರೆದು ನೋಡಿದೆ. ಆರಂಭ 10.30, ಮುಕ್ತಾಯ 11.00. ಕಿವಿ ಬಿಸಿಯಾಯಿತು. ಹೊಸ ಪ್ರಶ್ನೆಗಳನ್ನು ಹಾಕಿ ಮತ್ತೊಂದು ಅವಕಾಶ ಕೊಟ್ಟೆ. ಕೊಟ್ಟೆ ಅಂದರೆ, ಒಮ್ಮೆ ಹತ್ತಿದ ಗುಡ್ಡವನ್ನು ಅವನು ಬುಡದಿಂದ ಮತ್ತೆ ಹತ್ತಬೇಕಾಯಿತು. ಇಂಟರ್ನಲ್ಸ್ ಅಂಕ ಸರಿಹೋಯಿತು, ಅಷ್ಟೆ.

ನನ್ನದಂತೂ ಅರ್ಧ ಗಂಟೆಯ ಕ್ವಿಜ್. 2021ರ ಸೆಪ್ಟೆಂಬರಿನ ನೀಟ್ ಪರೀಕ್ಷೆಯಲ್ಲಿ ಬರವಣಿಗೆಯ ತೊಂದರೆ ಇದ್ದ ಒಬ್ಬ ಹುಡುಗಿಗೆ ಸಿಗಬೇಕಾದ ಒಂದು ಗಂಟೆ ಸಿಗಲಿಲ್ಲ. ಎಲ್ಲರ ಜೊತೆಗೇ ಉತ್ತರಪತ್ರಿಕೆ ಕಿತ್ತುಕೊಂಡರು. ಅವಳು ಸುಪ್ರೀಂ ಕೋರ್ಟಿನ ತನಕ ಹೋದಳು. ಆ ನವೆಂಬರಿನಲ್ಲಿ ಕೋರ್ಟು ಅವಳಿಗೆ ಅನ್ಯಾಯವಾಗಿದೆ ಎಂದಿತು, ಸರಿಪಡಿಸುವ ದಾರಿ ನೋಡಿ ಎಂದು ಪರೀಕ್ಷೆ ನಡೆಸುವ ಸಂಸ್ಥೆಗೆ ಒಂದು ವಾರದ ಗಡುವು ಕೊಟ್ಟಿತು, ಆದರೆ ಮರುಪರೀಕ್ಷೆಗೆ ಒಪ್ಪಲಿಲ್ಲ. ಅದಕ್ಕೂ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ, ವಿಕಾಶ್ ಕುಮಾರ್ ಪ್ರಕರಣದಲ್ಲಿ, ಕೈ ಸೆಟೆದು ಬರೆಯಲಾಗದ ಐಎಎಸ್ ಅಭ್ಯರ್ಥಿಗೆ ನೂರಕ್ಕೆ 40ರ ವೈಕಲ್ಯದ ಪ್ರಮಾಣಪತ್ರ ಇಲ್ಲವೆಂದು ಬರಹ ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದು ಅದೇ ಕೋರ್ಟು ಹೇಳಿತ್ತು. ಆ ತೀರ್ಪಿನ ನಂತರವೇ 2022ರ ಆಗಸ್ಟಿನಲ್ಲಿ 40ಕ್ಕಿಂತ ಕಡಿಮೆ ಇರುವವರಿಗೂ ಬೇರೆ ಮಾರ್ಗಸೂಚಿ ಬಂತು. ದಿಲ್ಲಿಯಲ್ಲಿ ಬರೆದ ಒಂದು ಗಂಟೆ ಪರೀಕ್ಷೆಯ ಕೋಣೆಗೆ ಬರುವಷ್ಟರಲ್ಲಿ ಆವಿಯಾಗುವುದು ಹೇಗೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಚಹಾ ಕುಡಿಯಲು ಹೋದ ಒಬ್ಬ ಮಾಸ್ತರ ಸಾಕು.

ಸ್ಟಾಫ್‌ರೂಮಿನಲ್ಲಿ ಕತೆ ಹೇಳಿದೆ. ನಮ್ಮ ಇತಿಹಾಸದ ಮೇಡಂ ಕೇಳಿದರು: "ಅದಿರಲಿ, 30 ನಿಮಿಷ ಅಂತ ಇಟ್ಟದ್ದು ಯಾಕೆ?" ನನ್ನ ಬಳಿ ಉತ್ತರ ಇರಲಿಲ್ಲ. ಪ್ರಶ್ನೆ ಬರೆದವನಾದ ನನಗೆ ಅವನ್ನು ಉತ್ತರಿಸಲು 9 ನಿಮಿಷ ಹಿಡಿದಿತ್ತು. ಮೂರು ಪಟ್ಟು ಮಾಡಿ, ಗುಂಡಾಗಲಿ ಎಂದು 30 ಮಾಡಿದ್ದೆ. ಒಳಗಿನ ಮಾತು ಹೇಳಬೇಕೆಂದರೆ, ಹೆಚ್ಚು ಹೊತ್ತು ಕೊಟ್ಟರೆ ಗೂಗಲ್ ಮಾಡುತ್ತಾರೆ ಎಂಬ ಹೆದರಿಕೆ. ಹುಡುಗರು ಕಾಪಿ ಹೊಡೆದಾರೆಂಬ ನನ್ನ ಹೆದರಿಕೆಗೆ ಅಣಶಿಯ ಹುಡುಗನ ಕಣ್ಣು ದಂಡ ಕಟ್ಟಿತು. ಬೇಡಿಕೆ ಮತ್ತು ಪೂರೈಕೆ ಅವನಿಗೆ ಗೊತ್ತಿದೆಯೇ ಎಂದು ನಾನು ತಿಳಿಯಬೇಕಿತ್ತು. ಅವನು ಎಷ್ಟು ವೇಗವಾಗಿ ಓದುತ್ತಾನೆ ಎಂದು ಯಾರೂ ಕೇಳಿರಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆಲ್ಲ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಇದೆ. ಮೂರು ಗಂಟೆಯ ಪರೀಕ್ಷೆ ಮೂರೂ ಕಾಲಿನದಾಗುತ್ತದೆ. ಯಾರಾದರೂ ಅದನ್ನು ದಯೆ ಅಂದದ್ದುಂಟೇ? ಎಲ್ಲರಿಗೂ ಕೊಟ್ಟರೆ ಅದು ವ್ಯವಸ್ಥೆ, ಒಬ್ಬನಿಗೆ ಕೊಟ್ಟರೆ ಕೋತಿಯ ಚಿತ್ರ.

ನಾನು ಓದಿದ ಹಳ್ಳಿ ಶಾಲೆಯಲ್ಲಿ ರೈಲು ಹಳಿಯ ತುಂಡೇ ಗಂಟೆ. ಅದನ್ನು ಬಾರಿಸುವ ಜವಾನ ಪರೀಕ್ಷೆಯ ದಿನ ಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದ. ತಲೆಗಳೆಲ್ಲ ಬಗ್ಗಿಯೇ ಇದ್ದರೆ ಕಬ್ಬಿಣದ ಸುತ್ತಿಗೆ ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ. ಬೀಡಿ ಹಚ್ಚಿದರೆ ಇನ್ನೂ ಐದು ನಿಮಿಷ ಉಂಟು ಎಂದು ನಮಗೆ ಗೊತ್ತಾಗುತ್ತಿತ್ತು. ಸರ್ವರ್ ಬೀಡಿ ಸೇದುವುದಿಲ್ಲ. ಸಿಗ್ನಲ್ ಹೋದರೂ ಅದರ ಗಡಿಯಾರ ಅಲ್ಲೆಲ್ಲೋ ಓಡುತ್ತಲೇ ಇರುತ್ತದೆ. ಹಾಗೆಂದು ನಾನು ಜವಾನನ ಕಾಲವೇ ಚೆನ್ನಾಗಿತ್ತು ಎಂದು ಹಾಡುವವನಲ್ಲ. ಅವನಿಗೆ ಬೀಡಿ ಇಲ್ಲದ ದಿನ ನಾವು ಕೆಟ್ಟೆವು.

ಕಾಲೇಜು ತೆರೆದ ಮೇಲೆ, ಚಳಿಗಾಲದ ಒಂದು ಭಾನುವಾರ, ಕಾರವಾರಕ್ಕೆ ಹೋಗುವ ನೆಪ ಮಾಡಿಕೊಂಡು ಅಣಶಿಯಲ್ಲಿ ಇಳಿದೆ. ಅವರ ಮನೆಯಲ್ಲಿ ಬೆಲ್ಲ ಹಾಕಿದ ಕಪ್ಪು ಚಹಾ ಕೊಟ್ಟರು. ಅಂಗಳದಲ್ಲಿ ಗದ್ದೆಯ ಬದಿಯಿಂದ ಅಗೆದ ಮುಡ್ಲಿ ಗೆಡ್ಡೆಗಳು ಮಣ್ಣಿನ ಸಮೇತ ರಾಶಿ ಬಿದ್ದಿದ್ದವು, ಒಂದೊಂದು ಮಗುವಿನ ತಲೆಯಷ್ಟು ದಪ್ಪ. ತಾಯಿ ಕೊಂಕಣಿಯಲ್ಲಿ ಏನೋ ಕೇಳಿದರು, ಹುಡುಗ ನಕ್ಕ. "ನಾನು ಏನಾದ್ರೂ ತಪ್ಪು ಮಾಡಿದ್ನಾ ಅಂತ ಕೇಳ್ತಾ ಇದ್ದಾಳೆ ಸರ್." ಮಾಸ್ತರ ಮನೆಗೆ ಬಂದನೆಂದರೆ ತಪ್ಪು ಹುಡುಗನದ್ದೇ ಎಂದು ಆ ತಾಯಿಯ ಲೆಕ್ಕ. ನನ್ನದೇ ತಪ್ಪು ಎಂದು ಹೇಳು ಅಂದೆ. ಅವನು ಅನುವಾದಿಸಿದನೋ ಇಲ್ಲವೋ ತಿಳಿಯದು, ತಾಯಿ ಮತ್ತೊಂದು ಲೋಟ ಚಹಾ ತಂದರು.

ಕ್ವಿಜ್ ಬರೆದ ಜಾಗ ತೋರಿಸು ಎಂದು ಹೊರಟೆ. ರಸ್ತೆಯ ತಿರುವಿನಲ್ಲಿ ಒಂದು ಚಿರೆಕಲ್ಲು, ಹಿಂದೆ ಹೊನ್ನೆಮರ. ಮಳೆ ಬಂದರೆ ಕೊಡೆಯ ಹಿಡಿಯನ್ನು ಕತ್ತಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಫೋನ್ ಹಿಡಿಯಬೇಕು. "ಹ್ಯಾಗೆ ಓದ್ತೀಯ, ತೋರ್ಸು" ಅಂದೆ. ಅವನು ಎರಡು ಬೆರಳು ಅಗಲಿಸಿ ಪುಟವನ್ನು ಹಿಗ್ಗಿಸಿದ. ನಾಲ್ಕು ಪದ ಪರದೆಯ ತುಂಬ. ಮುಂದಿನ ಪದಕ್ಕೆ ಎಡಕ್ಕೆ ಎಳೆಯಬೇಕು, ಸಾಲು ಮುಗಿದರೆ ಬಲಕ್ಕೆ ತಳ್ಳಿ ಒಂದು ಸಾಲು ಕೆಳಗಿಳಿಯಬೇಕು. ಇಳಿಯುವಾಗ ಕೆಲವೊಮ್ಮೆ ಎರಡು ಸಾಲು ಇಳಿಯುತ್ತದೆ. ಪ್ರಶ್ನೆ ಓದಿ ನಾಲ್ಕನೆಯ ಆಯ್ಕೆಗೆ ಬರುವಷ್ಟರಲ್ಲಿ ಮೊದಲನೆಯದು ಏನಿತ್ತು ಎಂದು ಹಿಂದೆ ಹೋಗಬೇಕು. ಸಾಲದ್ದಕ್ಕೆ, ಉಳಿದ ಸಮಯ ತೋರಿಸುವ ಡಬ್ಬಿ ಪರದೆಯ ಮೇಲ್ಗಡೆ ಕೂತು ಪ್ರಶ್ನೆಯ ಮೊದಲ ಸಾಲನ್ನೇ ಮುಚ್ಚುತ್ತಿತ್ತು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ಜಗತ್ತಿನ ತಂತ್ರಜ್ಞರು 2008ರಲ್ಲಿ ಮಾಡಿಕೊಂಡ ನಿಯಮವೊಂದಿದೆ. ಸಮಯದ ಮಿತಿ ಹಾಕಿದರೆ ಅದನ್ನು ಕನಿಷ್ಠ ಹತ್ತು ಪಟ್ಟಿನ ತನಕ ಹಿಗ್ಗಿಸಿಕೊಳ್ಳಲು ಬಿಡಿ ಎನ್ನುತ್ತದೆ ಅದು. ಮಿತಿಯೇ ಮುಖ್ಯವಾದ ಕಡೆ ವಿನಾಯಿತಿ ಉಂಟು. ಆ ವಿನಾಯಿತಿಯ ಬೆನ್ನಿಗೆ ನಾವು ಮಾಸ್ತರರೆಲ್ಲ ಅಡಗಿ ಕೂತಿದ್ದೇವೆ.

ನಾನು ಬರೆಯುತ್ತೇನೆ ಅಂದೆ. ಮಾಸ್ತರರಿಗೆ ಪ್ರಿವ್ಯೂ ಎಂದು ಒಂದು ಸೌಕರ್ಯ ಉಂಟು, ವಿದ್ಯಾರ್ಥಿಗೆ ಕಾಣುವ ಹಾಗೆಯೇ ಕ್ವಿಜ್ ಕಾಣುತ್ತದೆ. ಅವನಿಟ್ಟುಕೊಳ್ಳುವಷ್ಟೇ ಹಿಗ್ಗಿಸಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಚಿರೆಕಲ್ಲಿನ ಮೇಲೆ ಕೂತು ಶುರು ಮಾಡಿದೆ. ನನ್ನವೇ ಪ್ರಶ್ನೆಗಳು, ಉತ್ತರವೂ ಗೊತ್ತು. ಮೊದಲ ಮೂರು ಬೇಗ ಆದವು. ನಾಲ್ಕನೆಯದರಲ್ಲಿ ಒಂದು ಉದ್ದದ ಕೋಷ್ಟಕ ಇತ್ತು, ನಾನೇ ಹೆಮ್ಮೆಯಿಂದ ಹಾಕಿದ್ದು. ಅದರ ಎಡಬದಿ ನೋಡಿದರೆ ಬಲಬದಿ ಇಲ್ಲ, ಬಲಬದಿಗೆ ಹೋದರೆ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆಯಿತು. ಬೆರಳು ಬೆವತಿತು. ಒಂದು ಟಿಪ್ಪರ್ ಹಾರ್ನ್ ಹಾಕಿಕೊಂಡು ಇಳಿದು ಹೋಯಿತು, ಕೆಂಪು ಧೂಳು ಪರದೆಯ ಮೇಲೆ ಕೂತಿತು, ಒರೆಸಲು ಹೋಗಿ ಬೇರೆ ಉತ್ತರ ಒತ್ತಿದೆ.

ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸಿದ ಹಾಗೆ ಸದ್ದಾಯಿತು. "ಮಂಗಟ್ಟೆ ಸರ್. ಎರಡು" ಅಂದ ಹುಡುಗ. ಅವನಿಗೆ ಕಾಣುವುದಿಲ್ಲ, ರೆಕ್ಕೆಯ ಸದ್ದಿನಲ್ಲೇ ಎಣಿಸುತ್ತಾನೆ. ಕಣ್ಣಿದ್ದ ನನಗೆ ತಲೆ ಎತ್ತಲು ಪುರಸೊತ್ತಿಲ್ಲ. ಹನ್ನೊಂದನೆಯ ಪ್ರಶ್ನೆಯಲ್ಲಿ 'ಅಲ್ಲ' ಎಂಬ ಪದ ಪರದೆಯ ಹೊರಗೆ ಉಳಿದಿತ್ತು.

ಕೊನೆಗೆ ಸೊನ್ನೆ ಸೊನ್ನೆ ಬಂತು. ಪುಟ ತನ್ನಷ್ಟಕ್ಕೇ ಮುಚ್ಚಿಕೊಂಡಿತು.

"ಎಷ್ಟಾಯ್ತು ಸರ್?"

"ಹದಿನಾಲ್ಕು."

"ನಂದು ಹದಿಮೂರು" ಎಂದ ಹುಡುಗ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಮತ್ತೆ ನಿಮ್ಮ ಬಸ್ಸು ಕೆಳಗಿಂದ ಬರೋ ಸದ್ದು ಕೇಳ್ತಾ ಉಂಟು, ಬನ್ನಿ" ಎಂದು ಮುಂದೆ ನಡೆದ.